ತಿಳಿಬಣ್ಣದ ಪಿನೋ ನ್ವಾರ್: ಸೋಡಾ ಹಾಕಿ ನೋಡಿದ ಓದುಗರಿಗೆ ಉತ್ತರ

ಪ್ರಶ್ನೆ: ನಾವು ಪುತ್ತೂರಿನ ಕಡೆಯವರು. ನಾಲ್ಕು ವರ್ಷದಿಂದ ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿದ್ದೇವೆ. ಇಲ್ಲಿ ಎಲ್ಲರ ಬಾಯಲ್ಲೂ ಪಿನೋ ನ್ವಾರ್ ವೈನಿನದ್ದೇ ಮಾತು. ಒಮ್ಮೆ ನೋಡೋಣವೆಂದು ಸೂಪರ್‌ಮಾರ್ಕೆಟ್ಟಿನಿಂದ 14 ಡಾಲರಿನ ಬಾಟಲಿ ತಂದೆವು. ಲೇಬಲ್ಲಿನಲ್ಲಿ ಕ್ಯಾಲಿಫೋರ್ನಿಯಾ, ಆಲ್ಕೊಹಾಲ್ 13.5% ಎಂದಿದೆ. ಲೋಟಕ್ಕೆ ಬಗ್ಗಿಸಿದರೆ ಅಮ್ಮ ಮಾಡುವ ಪುನರ್ಪುಳಿ ಶರಬತ್ತಿನ ಹಾಗೆ ತಿಳಿಕೆಂಪು. ಲೋಟದ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು! ಹುಳಿ ಇದೆ, ಬೇಯಿಸಿದ ಬೀಟ್ರೂಟಿನಂಥ ವಾಸನೆ ಇದೆ, ಬಿಸಿಬೇಳೆಬಾತ್ ಜೊತೆ ಕುಡಿದಾಗ ಬಾಯಿ ಉರಿದು ಕಹಿಯಾಯಿತು. ನನ್ನವರ ಗೆಳೆಯರೊಬ್ಬರು, “ಒಳ್ಳೆಯ ಕೆಂಪು ವೈನ್ ಶಾಯಿಯ ಹಾಗೆ ಕಪ್ಪಗಿರಬೇಕು, ಇದಕ್ಕೆ ನೀರೂ ಬಣ್ಣವೂ ಬೆರೆಸಿದ್ದಾರೆ, ಅಡುಗೆ ಸೋಡಾ ಹಾಕಿ ನೋಡಿ” ಎಂದರು. ಹಾಕಿದೆ. ಬಣ್ಣ ಬೂದುನೀಲಿಗೆ ತಿರುಗಿತು. ಇದು ಕಲಬೆರಕೆಯೇ? ತಿಳಿಯಾಗಿರುವುದರಿಂದ ಅಮಲಾದರೂ ಕಡಿಮೆಯೇ? ನಾವು ಸಸ್ಯಾಹಾರಿಗಳು, ವೈನಿಗೆ ಮೊಟ್ಟೆ ಹಾಕುತ್ತಾರೆ ಅನ್ನುವುದು ನಿಜವೇ? ಬಾಟಲಿಯಲ್ಲಿ ಅರ್ಧ ಹಾಗೇ ಉಳಿದಿದೆ.

ಉತ್ತರ: ನೀವು ಕೇಳಿದ್ದು ನಾಲ್ಕೈದು ಪ್ರಶ್ನೆಯಾದರೂ ಒಳಗಿರುವ ಆತಂಕ ಒಂದೇ, ದುಡ್ಡು ಕೊಟ್ಟು ಮೋಸ ಹೋದೆವಾ ಎಂಬುದು. ನೀವು ಬರೆದ ಲಕ್ಷಣಗಳಲ್ಲಿ ಮೋಸದ ಗುರುತು ಒಂದೂ ಇಲ್ಲ. ಹದಿನಾರು ವರ್ಷದಿಂದ ನಿಮ್ಮ ಊರಿನ ಪಕ್ಕದ ವಿಲಾಮೆಟ್ ಕಣಿವೆಯ ವೈನರಿಗಳಲ್ಲೇ ನನ್ನ ಕೆಲಸ. ವರ್ಷದ ಹೆಚ್ಚಿನ ದಿನ ಲ್ಯಾಬಿನಲ್ಲಿ, ಸೆಪ್ಟೆಂಬರ್ ಅಕ್ಟೋಬರ್ ಬಂತೆಂದರೆ ತೊಟ್ಟಿಗಳ ಮೇಲೆ. ಈ ತಿಳಿಬಣ್ಣದ ದೂರು ಕೇಳದ ವರ್ಷವಿಲ್ಲ.

ಮೊದಲು ಸೋಡಾ ಪರೀಕ್ಷೆ. ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕುತ್ತೀರಿ, ನೀರು ಕೆಂಪಾಗುತ್ತದೆ. ಹಾಗಾಯಿತೆಂದು ಅರಿಶಿನ ಕಲಬೆರಕೆ ಅನ್ನುವುದಿಲ್ಲವಷ್ಟೆ? ಇಲ್ಲಿ ನಡೆದದ್ದೂ ಅದೇ. ದ್ರಾಕ್ಷಿ ಸಿಪ್ಪೆಯ ಬಣ್ಣಕ್ಕೆ ಆಂಥೋಸಯನಿನ್ ಎನ್ನುತ್ತಾರೆ. ಪುನರ್ಪುಳಿ ಸಿಪ್ಪೆಯಲ್ಲಿರುವುದೂ ಅದೇ ಜಾತಿಯ ಬಣ್ಣ. ಹುಳಿಯಲ್ಲಿದ್ದಾಗ ಅದು ಕೆಂಪು, ಸೋಡಾ ಬಿದ್ದು ಹುಳಿ ಸತ್ತರೆ ನೀಲಿ, ಬೂದು, ಕೆಲವೊಮ್ಮೆ ಹಸಿರು ಛಾಯೆ. ಊರಿಗೆ ಹೋದಾಗ ಅಮ್ಮನ ಶರಬತ್ತಿಗೂ ಚಿಟಿಕೆ ಸೋಡಾ ಹಾಕಿ ನೋಡಿ, ಅವರು ಬೈದರೆ ನನ್ನ ಹೆಸರು ಹೇಳಬೇಡಿ. ಬಣ್ಣ ಬದಲಾದದ್ದು ನಿಮ್ಮ ಲೋಟದಲ್ಲಿ ನಿಜವಾದ ಹಣ್ಣಿನ ಬಣ್ಣ ಇತ್ತು ಅನ್ನುವುದಕ್ಕೇ ಸಾಕ್ಷಿ.

ಇನ್ನು ಅದು ತಿಳಿಯಾಗಿದ್ದೇಕೆ ಎಂಬ ಪ್ರಶ್ನೆ. ಕೆಂಪು ವೈನಿಗೆ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಪಿನೋ ನ್ವಾರ್ ಎಂಬುದು ಒಂದು ಜಾತಿಯ ಕಪ್ಪು ದ್ರಾಕ್ಷಿ, ಅದರ ವೈನಿಗೂ ಅದೇ ಹೆಸರು. ಆ ಹಣ್ಣು ಹಿಂಡಿದರೆ ರಸ ಬಹುಪಾಲು ಬಣ್ಣವಿಲ್ಲದ್ದೇ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಇದೇ ಕಪ್ಪು ದ್ರಾಕ್ಷಿಯಿಂದ ಬಿಳಿ ಶಾಂಪೇನ್ ಮಾಡುವುದು ಹೀಗಾಗಿಯೇ. ಕೆಂಪು ವೈನ್ ಬೇಕಾದರೆ ರಸವನ್ನು ಸಿಪ್ಪೆಯ ಜೊತೆ ಎರಡು ಮೂರು ವಾರ ತೊಟ್ಟಿಯಲ್ಲಿ ಬಿಡುತ್ತೇವೆ. ಹುದುಗುವಾಗ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಹೊದಿಕೆಯ ಹಾಗೆ ಕೂರುತ್ತದೆ. ದಿನಕ್ಕೆ ಎರಡು ಮೂರು ಸಲ ಅದನ್ನು ಕೆಳಕ್ಕೆ ಒತ್ತಬೇಕು. ಸುಗ್ಗಿಯಲ್ಲಿ ನನ್ನ ರಟ್ಟೆ ನೋಯುವುದು ಇದರಿಂದಲೇ. ಮೊದಲ ದಿನ ಒತ್ತಿದಾಗ ಮೇಲೆ ಚಿಮ್ಮುವ ರಸ ಕುಂಕುಮ ಕದಡಿದ ನೀರಿನಂತೆ ಇರುತ್ತದೆ, ಐದಾರನೇ ದಿನಕ್ಕೆ ಮಾಣಿಕ್ಯದ ಕೆಂಪು. ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಒತ್ತಿದರೂ ಬೀಜದ ಒಗರು ಬರುತ್ತದೆ, ಬಣ್ಣ ಬರುವುದಿಲ್ಲ. ಪಕ್ಕದ ತೊಟ್ಟಿಯಲ್ಲಿ ಸಿರಾ ದ್ರಾಕ್ಷಿ ಇದ್ದರೆ ಅದು ಅಷ್ಟರಲ್ಲಿ ಕಾಡಿಗೆಯ ಹಾಗೆ ಆಗಿರುತ್ತದೆ.

ಪಿನೋ ಸಿಪ್ಪೆ ತೆಳು, ಅದರಲ್ಲಿ ಬಣ್ಣವೇ ಕಡಿಮೆ. ಇನ್ನೊಂದು ಕಾರಣ ರಸಾಯನಶಾಸ್ತ್ರದ್ದು. ಕಬರ್ನೆ, ಸಿರಾ ಮುಂತಾದ ದ್ರಾಕ್ಷಿಗಳಲ್ಲಿ ಬಣ್ಣದ ಅಣುಗಳಿಗೆ ಆಮ್ಲದ ಒಂದು ಬಾಲ ಅಂಟಿಕೊಂಡಿರುತ್ತದೆ, ಆ ಬಾಲದ ಬಲದಿಂದ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ. ಪಿನೋಗೆ ಆ ಬಾಲ ಹುಟ್ಟಿನಿಂದಲೇ ಇಲ್ಲ. ಹಾಗಾಗಿ ಪಿನೋದ ತವರಾದ ಫ್ರಾನ್ಸಿನ ಬರ್ಗಂಡಿ ಸೀಮೆಯ ಸಾವಿರಾರು ಡಾಲರಿನ ವೈನನ್ನು ಲೋಟಕ್ಕೆ ಬಗ್ಗಿಸಿ ಹಿಂದೆ ಪೇಪರ್ ಹಿಡಿದರೂ ಅಕ್ಷರ ಕಾಣುತ್ತದೆ. ವಿಲಾಮೆಟ್ ಕಣಿವೆಗೆ ಈ ಬಳ್ಳಿ ತಂದವರು ಡೇವಿಡ್ ಲೆಟ್, 1965ರಲ್ಲಿ. ಮರುವರ್ಷ ಡಂಡಿ ಗುಡ್ಡದ ಕೆಮ್ಮಣ್ಣಿನಲ್ಲಿ ನೆಟ್ಟು ಬೆಳೆಸಿದ ಆತನ ವೈನ್ ಕೂಡ ತಿಳಿಬಣ್ಣದ್ದೇ. 1979ರಲ್ಲಿ ಪ್ಯಾರಿಸಿನ ಸ್ಪರ್ಧೆಯೊಂದರಲ್ಲಿ ಅವರ 1975ರ ಪಿನೋ ಫ್ರೆಂಚ್ ವೈನ್‌ಗಳ ಸಾಲಿನಲ್ಲಿ ಮೊದಲ ಹತ್ತರೊಳಗೆ ಬಂದಾಗಲೇ ಬರ್ಗಂಡಿಯವರು ಒರೆಗಾನಿನ ಕಡೆ ತಿರುಗಿ ನೋಡಿದ್ದು. ಮುಂದೆ 1987ರಲ್ಲಿ ಬರ್ಗಂಡಿಯ ದ್ರೂಯಾಂ ಮನೆತನ ಇಲ್ಲಿಗೆ ಬಂದು ಅದೇ ಗುಡ್ಡದಲ್ಲಿ ಜಮೀನು ಕೊಂಡಿತು.

ಆದ್ದರಿಂದ ನಿಮ್ಮವರ ಗೆಳೆಯರ ಮಾತನ್ನು ನಾನು ತಿರುಗಿಸಿ ಹೇಳುತ್ತೇನೆ: ಅಗ್ಗದ ಪಿನೋ ತುಂಬ ಕಪ್ಪಗಿದ್ದರೆ ಆಗ ಅನುಮಾನ ಪಡಿ. ಅಮೆರಿಕದ ಕಾನೂನಿನ ಪ್ರಕಾರ ಬಾಟಲಿಯಲ್ಲಿ 75% ಪಿನೋ ಇದ್ದರೆ ಸಾಕು, ‘ಪಿನೋ ನ್ವಾರ್’ ಎಂದು ಬರೆಯಬಹುದು. ಉಳಿದ ಕಾಲುಪಾಲು ಸಿರಾದಂಥ ಕಪ್ಪು ದ್ರಾಕ್ಷಿಯಾಗಿರಬಹುದು. ಕಡುಬಣ್ಣದ ದ್ರಾಕ್ಷಿಯನ್ನು ಬತ್ತಿಸಿ ಮಾಡಿದ ಪಾಕವೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದರ ಒಂದಿಷ್ಟು ಬಿದ್ದರೆ ಬಣ್ಣವೂ ಬರುತ್ತದೆ, ನಾಲಿಗೆಗೆ ನಯವೂ ಬರುತ್ತದೆ. ಇವೆಲ್ಲ ಕಾನೂನಿನ ಒಳಗಿನ ಆಟ. ಒರೆಗಾನ್ ತನ್ನ ಪಿನೋಗೆ ಇದಕ್ಕಿಂತ ಬಿಗಿಯಾದ ನಿಯಮ ಇಟ್ಟುಕೊಂಡಿದೆ, 90% ಪಿನೋ ಇರಲೇಬೇಕು.

ಕಾನೂನಿನ ಹೊರಗಿನ ಆಟವೂ ನಡೆದಿದೆ. ದಕ್ಷಿಣ ಫ್ರಾನ್ಸಿನ ಲಾಂಗ್ವೆಡಾಕ್ ಸೀಮೆಯಿಂದ ಕೋಟ್ಯಂತರ ಬಾಟಲಿಯಷ್ಟು ‘ಪಿನೋ ನ್ವಾರ್’ ಅಮೆರಿಕದ ದೊಡ್ಡ ಕಂಪನಿಯೊಂದಕ್ಕೆ ಬಂತು. ಒಳಗಿದ್ದದ್ದು ಹೆಚ್ಚಾಗಿ ಮೆರ್ಲೋ, ಸಿರಾ. 2010ರಲ್ಲಿ ಕಾರ್ಕಸೋನ್ ನ್ಯಾಯಾಲಯ ಫ್ರಾನ್ಸಿನ ಹನ್ನೆರಡು ಮಂದಿಗೆ ಶಿಕ್ಷೆ ಕೊಟ್ಟಿತು. ಕೊಂಡ ಕಂಪನಿಯ ಮೇಲೆ ಆರೋಪವಿರಲಿಲ್ಲ. ಈ ಮೋಸ ಹೊರಬಿದ್ದದ್ದು ಕುಡಿದವರ ದೂರಿನಿಂದಲ್ಲ, ಲೆಕ್ಕಪತ್ರದಿಂದ. ಆ ಸೀಮೆಯಲ್ಲಿ ಬೆಳೆಯುವುದಕ್ಕಿಂತ ಎಷ್ಟೋ ಹೆಚ್ಚು ಪಿನೋ ಮಾರಾಟವಾಗಿತ್ತು, ಅದೂ ಅಗ್ಗದ ದರಕ್ಕೆ. ಕುಡಿದವರು ಸುಮ್ಮನಿದ್ದರು. ಗಾಢ ಬಣ್ಣವಿದ್ದರೆ ಜನಕ್ಕೆ ಸಮಾಧಾನ, ಏನು ಮಾಡುವುದು!

ನೀರಿನ ಮಾತೂ ಹೀಗೆಯೇ ತಲೆಕೆಳಗು. ಕ್ಯಾಲಿಫೋರ್ನಿಯಾದಲ್ಲಿ ಹುದುಗುವ ಮೊದಲು ಸ್ವಲ್ಪ ನೀರು ಸೇರಿಸಲು ಅವಕಾಶವಿದೆ. ಅದರ ಪ್ರಸಂಗ ಬರುವುದು ಬಿಸಿಲಿಗೆ ದ್ರಾಕ್ಷಿ ಅತಿಯಾಗಿ ಹಣ್ಣಾಗಿ, ಸಕ್ಕರೆ ಏರಿ, ಹುದುಗು ಸೋಲುವ ಸ್ಥಿತಿಗೆ ಬಂದಾಗ. ಅಂದರೆ ದಪ್ಪ, ಕಡುಬಣ್ಣದ ವೈನ್ ಮಾಡುವಲ್ಲಿ. ತಿಳಿಸಾರು ತೆಳ್ಳಗಿದೆಯೆಂದು ಯಾರಾದರೂ ತೊವ್ವೆಗೆ ನೀರು ಸುರಿದಿದ್ದಾರೆ ಅನ್ನುತ್ತಾರೆಯೇ? ಬೇಳೆಕಟ್ಟು, ಹುಳಿ, ಇಂಗು, ಒಗ್ಗರಣೆ ಹದವಾಗಿ ಕೂತಿದ್ದರೆ ಅದು ಒಳ್ಳೆಯ ಸಾರು. ಬಾಯಲ್ಲಿ ತೆಳ್ಳಗನ್ನಿಸುವ ‘ಲೈಟ್ ಬಾಡಿ’ ವೈನನ್ನೂ ಹಾಗೇ ನೋಡಬೇಕು.

ಇಷ್ಟರ ಮೇಲೆ, ನಿಮ್ಮ ಬಾಟಲಿ ರುಚಿಯಾಗಿರಲಿಲ್ಲ ಅನ್ನುವುದೂ ಸುಳ್ಳಲ್ಲ. ಅದರಲ್ಲಿ ಬೆಲೆಯ ಪಾಲು ಒಂದಿಷ್ಟಿದೆ. ಪಿನೋ ಬೆಳೆಯುವವನ ಪಾಡು ಯಾರಿಗೂ ಬೇಡ. ಬೇಗ ಚಿಗುರುವುದರಿಂದ ಚಳಿಗೆ ಸುಡುತ್ತದೆ, ಗೊಂಚಲು ಒತ್ತಾಗಿರುವುದರಿಂದ ಮಳೆ ಬಂದರೆ ಕೊಳೆಯುತ್ತದೆ, ಬಿಸಿಲು ಹೆಚ್ಚಾದರೆ ಪರಿಮಳ ಹಾರಿ ಜಾಮ್ ಆಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾಡ್ಗಿಚ್ಚು ಎದ್ದಾಗ ಹೊಗೆಯನ್ನು ಮೊದಲು ಹೀರಿಕೊಂಡದ್ದು ಈ ತೆಳು ಸಿಪ್ಪೆಯೇ. ಎಷ್ಟೋ ವೈನರಿಗಳು ಆ ವರ್ಷ ಕೆಂಪು ವೈನ್ ಮಾಡಲೇ ಇಲ್ಲ. ಒಳ್ಳೆಯ ಪಿನೋ ಬೇಕಾದರೆ ತಂಪು ಸೀಮೆ, ಕಡಿಮೆ ಇಳುವರಿ, ಕೈಕೊಯ್ಲು ಬೇಕು. ನಮ್ಮ ನಂದಿಬೆಟ್ಟದ ತಪ್ಪಲಲ್ಲಿ ವೈನ್ ದ್ರಾಕ್ಷಿ ಬೆಳೆದರೂ ಅಲ್ಲಿನ ಕೆಂಪು ವೈನ್ ಹೆಚ್ಚಾಗಿ ಕಬರ್ನೆ, ಶಿರಾಜ್ ಆಗಿರುವುದಕ್ಕೆ ಕಾರಣ ಈ ತಂಪಿನ ಹಠವೇ. 14 ಡಾಲರಿಗೆ ಸಿಗುವುದು ಸಾಮಾನ್ಯವಾಗಿ ದೊಡ್ಡ ಬಯಲಿನ, ಹೆಚ್ಚು ಇಳುವರಿಯ ಹಣ್ಣು. ಅದು ಕೆಟ್ಟದ್ದಲ್ಲ, ಪರಿಮಳ ಮಾತ್ರ ಸ್ವಲ್ಪ ಕಡಿಮೆ.

ಬೀಟ್ರೂಟ್ ವಾಸನೆ ಹಿಡಿದಿರಲ್ಲ, ನಿಮ್ಮ ಮೂಗಿಗೆ ಶಹಬ್ಬಾಸ್. ಬೀಟ್ರೂಟಿನ ಮಣ್ಣುವಾಸನೆ, ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ, ಎರಡಕ್ಕೂ ಜಿಯೋಸ್ಮಿನ್ ಎಂಬ ಒಂದೇ ವಸ್ತು ಮೂಲ. ಪಿನೋದಲ್ಲಿ ಮಣ್ಣಿನ, ಅಣಬೆಯ, ಒಣಗಿದ ಎಲೆಯ ನೆರಳು ಸ್ವಲ್ಪ ಇದ್ದರೆ ಅದನ್ನು ಮೆಚ್ಚುವವರೇ ಹೆಚ್ಚು. ಮೂಗಿಗೆ ರಾಚುವಷ್ಟಿದ್ದರೆ ಕೊಳೆತ ದ್ರಾಕ್ಷಿ ಸೇರಿರಬಹುದು. ಅಂಗಡಿಗೆ ಹಿಂತಿರುಗಿಸಬೇಕಾದ ವಾಸನೆಗಳು ಬೇರೆ: ಮಳೆಗಾಲದಲ್ಲಿ ಒದ್ದೆಯಾದ ಗೋಣಿಚೀಲದ ಮುಗ್ಗಲು (ಇದು ಕಾರ್ಕಿನ ದೋಷ), ಉಗುರುಬಣ್ಣ ಅಳಿಸುವ ದ್ರಾವಣದ ಘಾಟು, ದನದ ಕೊಟ್ಟಿಗೆಯ ವಾಸನೆ. ಕೊನೆಯದನ್ನು ಸ್ವಲ್ಪ ಮಟ್ಟಿಗೆ ಇಷ್ಟಪಡುವವರೂ ಇದ್ದಾರೆ. ನನಗೆ ಅಜ್ಜನ ಮನೆ ನೆನಪಾಗುತ್ತದೆ, ಆದರೆ ಕುಡಿಯಲಾರೆ. ಬೆಂಕಿಕಡ್ಡಿ ಗೀರಿದಂಥ ವಾಸನೆ ಬಂದರೆ ಹತ್ತು ನಿಮಿಷ ಲೋಟದಲ್ಲಿ ಬಿಡಿ, ಹೆಚ್ಚಾಗಿ ಹೋಗುತ್ತದೆ.

ನಿಮ್ಮಲ್ಲಿ ತಪ್ಪಿದ್ದು ಎರಡು ಕಡೆ ಅಂತ ನನ್ನ ಅಂದಾಜು. ಒಂದು, ಬಾಟಲಿಯ ಬಿಸಿ. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕು ಅನ್ನುವ ಮಾತು ಹೀಟರ್ ಇಲ್ಲದ ಕಾಲದ ಯುರೋಪಿನ ಕಲ್ಲುಮನೆಗಳದ್ದು. ನಿಮ್ಮ ಮನೆ 22 ಡಿಗ್ರಿ ಇರುತ್ತದೆ. ಆ ಬಿಸಿಗೆ ಆಲ್ಕೊಹಾಲ್ ಮೂಗಿಗೆ ಹೊಡೆದು ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ಪಿನೋಗೆ 13ರಿಂದ 16 ಡಿಗ್ರಿ ಹಿತ. ಬಾಟಲಿಯನ್ನು ಅರ್ಧ ಗಂಟೆಯಿಂದ ನಲವತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಮುಟ್ಟಿದರೆ ಮಣ್ಣಿನ ಹೂಜಿಯ ತಂಪು ಇರಬೇಕು, ಐಸಿನ ತಂಪಲ್ಲ. ಅತಿ ತಣ್ಣಗಾದರೆ ಒಗರು ಮಾತ್ರ ಎದ್ದು ಕಾಣುತ್ತದೆ.

ಎರಡನೆಯದು ಬಿಸಿಬೇಳೆಬಾತ್. ಮೆಣಸಿನ ಖಾರ ಬಾಯಲ್ಲಿ ಯಾವ ನರಗಳನ್ನು ಕೆಣಕುತ್ತದೋ ಆಲ್ಕೊಹಾಲ್ ಕೂಡ ಅವನ್ನೇ ಕೆಣಕುತ್ತದೆ. ಎರಡೂ ಸೇರಿದರೆ ಉರಿ ಹೆಚ್ಚು, ವೈನಿನ ಒಗರು ಕಹಿಯಾಗಿ ಕಾಣುತ್ತದೆ. ಮೇಲಿಂದ ಹುಣಸೆಹಣ್ಣು. ಹುಣಸೆಯ ಹುಳಿಯೂ ದ್ರಾಕ್ಷಿಯ ಹುಳಿಯೂ ಮುಖ್ಯವಾಗಿ ಟಾರ್ಟಾರಿಕ್ ಆಮ್ಲವೇ. ತಟ್ಟೆಯ ಹುಳಿ ಲೋಟದ ಹುಳಿಯನ್ನು ಮೀರಿದರೆ ವೈನ್ ಸಪ್ಪೆ. ಬಾತಿನದ್ದೂ ವೈನಿನದ್ದೂ ತಪ್ಪಿಲ್ಲ, ಜಾತಕ ಕೂಡಲಿಲ್ಲ ಅಷ್ಟೆ. ಪಿನೋ ಇಟ್ಟುಕೊಂಡ ದಿನ ನೀರುದೋಸೆಗೆ ಕಾಳುಮೆಣಸು ಹಾಕಿದ ಅಣಬೆ ಪಲ್ಯ ಮಾಡಿ, ಬೆಣ್ಣೆಯಲ್ಲಿ, ಒಣಮೆಣಸು ಬಿಟ್ಟು. ಕಾಯಿತುರಿ ಹಾಕಿದ ಬೀಟ್ರೂಟ್ ಪಲ್ಯವೂ ನಡೆಯುತ್ತದೆ. ಹೋಳಿಗೆ, ಪಾಯಸದ ಜೊತೆ ಮಾತ್ರ ಬೇಡ, ಸಿಹಿಯ ಮುಂದೆ ಈ ವೈನ್ ಬರೀ ಹುಳಿ.

ಈಗ ಮನೆಯಲ್ಲೇ ರುಚಿ ನೋಡುವ ಕ್ರಮ. ಸ್ಟೀಲ್ ಲೋಟ ಬೇಡ. ಬಾಯಿ ಸ್ವಲ್ಪ ಒಳಬಾಗಿರುವ ಗಾಜಿನ ಲೋಟ ಇರಲಿ, ಮೂರನೇ ಒಂದು ಪಾಲು ಮಾತ್ರ ತುಂಬಿ. ಅಲ್ಲಾಡಿಸದೆ ಒಮ್ಮೆ ಮೂಸಿ, ಆಮೇಲೆ ಲೋಟ ತಿರುಗಿಸಿ ಮತ್ತೊಮ್ಮೆ ಮೂಸಿ, ಎರಡರ ನಡುವಿನ ವ್ಯತ್ಯಾಸವೇ ನಿಮಗೆ ಬೇಕಾದದ್ದು. ತಿರುಗಿಸಿದ ಮೇಲೆ ಗಾಜಿನ ಒಳಮೈಯಲ್ಲಿ ಹನಿಹನಿಯಾಗಿ ಗೆರೆ ಇಳಿಯುತ್ತದೆ. ಅದನ್ನು ತೋರಿಸಿ ‘ಭಾರೀ ಕ್ವಾಲಿಟಿ’ ಅನ್ನುವವರಿದ್ದಾರೆ. ಆಲ್ಕೊಹಾಲ್ ಆವಿಯಾಗುವಾಗ ಆಗುವ ಭೌತಶಾಸ್ತ್ರ ಅದು, ಗುಣಕ್ಕೂ ಅದಕ್ಕೂ ನಂಟಿಲ್ಲ.

ಬಾಯಿಗೆ ಒಂದು ಗುಟುಕು ಹಾಕಿ ಐದು ಸೆಕೆಂಡು ತಡೆಯಿರಿ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ನನ್ನ ಅಮೆರಿಕನ್ ವಿದ್ಯಾರ್ಥಿಗಳು ಹುಳಿ, ಕಹಿ, ಒಗರು ಮೂರನ್ನೂ ಕಲಸಿಬಿಡುತ್ತಾರೆ, ಒಗರಿಗೆ ಅವರ ದಿನಬಳಕೆಯಲ್ಲಿ ಸರಿಯಾದ ಮಾತೇ ಇಲ್ಲ. ನೀವು ಪುತ್ತೂರಿನವರು, ಗೇರುಹಣ್ಣು ಕಚ್ಚಿ ಬೆಳೆದವರು. ನಾಲಿಗೆ ಒಣಗಿ ಒಸಡು ಹಿಡಿದಂತಾಗುವುದು ಒಗರು. ಕೆನ್ನೆಯ ಒಳಗೆ ನೀರೂರುವುದು ಹುಳಿ. ನಾಲಿಗೆಯ ಬುಡದಲ್ಲಿ ನುಂಗಿದ ಮೇಲೂ ಉಳಿಯುವುದು ಕಹಿ. ಪಿನೋದಲ್ಲಿ ಹುಳಿ ಮುಂದಿರಬೇಕು, ಒಗರು ಹಿಂದೆ ನಿಂತಿರಬೇಕು, ಕಹಿ ಇಲ್ಲವೇ ಇಲ್ಲ ಅನ್ನುವಷ್ಟು. ನುಂಗಿದ ಮೇಲೆ ಚೆರ್ರಿ, ಸ್ಟ್ರಾಬೆರಿಯಂಥ ಪರಿಮಳ ಮೂಗಿನ ಹಿಂದಿನಿಂದ ಬರುತ್ತದೆಯೇ ನೋಡಿ. ಹತ್ತು ಸೆಕೆಂಡು ನಿಂತರೆ 14 ಡಾಲರಿಗೆ ಅದು ಒಳ್ಳೆಯ ವ್ಯಾಪಾರ.

ನಿಮ್ಮವರ ಗೆಳೆಯರನ್ನು ಒಂದು ಸಂಜೆ ಕರೆದು ನಾವು ಲ್ಯಾಬಿನಲ್ಲಿ ಮಾಡುವ ಮೂರು ಲೋಟದ ಪರೀಕ್ಷೆ ಕೊಡಿ. ಎರಡು ಲೋಟಕ್ಕೆ ಒಂದೇ ವೈನ್, ಮೂರನೆಯದಕ್ಕೆ ಬೇರೆ. ಬಣ್ಣ ಕಾಣದಂತೆ ದೀಪ ಸಣ್ಣದು ಮಾಡಿ ಅಥವಾ ಲೋಟಕ್ಕೆ ಪೇಪರ್ ಸುತ್ತಿ, ಬೇರೆಯದು ಯಾವುದು ಹೇಳಿ ಅನ್ನಿ. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ನಾಲ್ಕೈದು ಸಲ ಮಾಡಿಸಿ. ಈ ಪರೀಕ್ಷೆಯಲ್ಲಿ ನಾನೂ ಎಷ್ಟೋ ಸಲ ಬಿದ್ದಿದ್ದೇನೆ.

ಅಮಲಿನ ವಿಷಯದಲ್ಲಿ ಬಣ್ಣ ನಿಮ್ಮನ್ನು ನಿಜವಾಗಿ ಮೋಸ ಮಾಡುತ್ತದೆ. ತಿಳಿ ಎಂದರೆ ಕಡಿಮೆ ಆಲ್ಕೊಹಾಲ್ ಅಲ್ಲ. 13.5% ಇರುವ 150 ಮಿ.ಲೀ. ಲೋಟದಲ್ಲಿ ಸುಮಾರು 16 ಗ್ರಾಂ ಆಲ್ಕೊಹಾಲ್ ಇದೆ, ಅಮೆರಿಕದಲ್ಲಿ ‘ಒಂದು ಡ್ರಿಂಕ್’ ಎಂದು ಎಣಿಸುವ 14 ಗ್ರಾಮಿಗಿಂತ ಜಾಸ್ತಿಯೇ. 14% ಒಳಗಿನ ವೈನಿಗೆ ಲೇಬಲ್ಲಿನ ಅಂಕಿ ಒಂದೂವರೆ ಅಂಶದಷ್ಟು ಆಚೀಚೆ ಆಗಲು ಇಲ್ಲಿ ಕಾನೂನೇ ಬಿಟ್ಟಿದೆ. ಶರಬತ್ತಿನ ಹಾಗೆ ಇಳಿಯುವುದರಿಂದ ಎರಡನೇ ಲೋಟ ಯಾವಾಗ ಮುಗಿಯಿತೆಂದೇ ಗೊತ್ತಾಗುವುದಿಲ್ಲ, ಆಮೇಲೆ ಕಾರು ಹತ್ತಬೇಡಿ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ‘ಸುರಕ್ಷಿತ ಪ್ರಮಾಣ’ವೆಂಬುದೇ ಇಲ್ಲ ಎಂದಿದೆ. ಬಿಪಿ, ಸಕ್ಕರೆಯ ಮಾತ್ರೆ ನುಂಗುವವರಾದರೆ ಮೊದಲು ಡಾಕ್ಟರನ್ನು ಕೇಳಿ. ರುಚಿ ನೋಡುವುದಷ್ಟೇ ಆಸೆಯಾದರೆ ಉಗುಳಿ. ನಾವು ಕೆಲಸದಲ್ಲಿ ದಿನವಿಡೀ ಉಗುಳುತ್ತೇವೆ, ಸಂಕೋಚವೇನಿಲ್ಲ.

ಮೊಟ್ಟೆಯ ಮಾತು ನಿಜ, ಎಲ್ಲ ವೈನಿಗೂ ಅಲ್ಲ. ಊರಿನಲ್ಲಿ ಗೇರುಹಣ್ಣಿನ ರಸದ ಒಗರು ತೆಗೆಯಲು ಗಂಜಿ ತಿಳಿ ಹಾಕುತ್ತಾರಲ್ಲ, ಒಗರು ಅದಕ್ಕೆ ಅಂಟಿ ತಳ ಸೇರುತ್ತದೆ. ಕೆಂಪು ವೈನಿಗೆ ಆ ಕೆಲಸವನ್ನು ಮೊಟ್ಟೆಯ ಬಿಳಿಯಿಂದ ಮಾಡಿಸುವುದು ಹಳೆಯ ಪದ್ಧತಿ. ಜೆಲಟಿನ್, ಹಾಲಿನ ಕೇಸೀನ್, ಮೀನಿನ ಗಾಳಿಚೀಲದ ಅಂಟು ಬಳಸುವವರೂ ಇದ್ದಾರೆ. ತಳ ಸೇರಿದ್ದನ್ನು ಬಿಟ್ಟು ಮೇಲಿನ ವೈನ್ ಮಾತ್ರ ತೆಗೆಯುತ್ತಾರೆ, ಆದರೂ ಮುಟ್ಟಿದ್ದು ಮುಟ್ಟಿದ್ದೇ ಅನ್ನುವವರಿಗೆ ಅದು ಸಮಾಧಾನವಲ್ಲ. ಇದನ್ನೆಲ್ಲ ಲೇಬಲ್ಲಿನಲ್ಲಿ ಬರೆಯಬೇಕೆಂಬ ಕಡ್ಡಾಯ ಅಮೆರಿಕದಲ್ಲಿಲ್ಲ. ‘ಅನ್‌ಫೈನ್ಡ್’ (ಹೀಗೆ ಏನನ್ನೂ ಹಾಕಿ ಒಗರು ತೆಗೆಯದ್ದು) ಅಥವಾ ‘ವೀಗನ್’ ಎಂದಿರುವುದನ್ನೇ ಕೊಳ್ಳಿ. ಪಿನೋದಲ್ಲಿ ಒಗರು ಕಡಿಮೆಯಾದ್ದರಿಂದ ಈ ಹಂತವನ್ನೇ ಬಿಡುವವರು ಇಲ್ಲಿ ಸಾಕಷ್ಟು ಸಿಗುತ್ತಾರೆ. ಸಣ್ಣ ವೈನರಿಯಾದರೆ ಇಮೇಲ್ ಮಾಡಿ ಕೇಳಿದರೂ ಹೇಳುತ್ತಾರೆ.

ಮುಂದೆ ಏನು ಕೊಳ್ಳಬಹುದು? ಅದೇ ಬಾಟಲಿಯನ್ನು ತಂಪು ಮಾಡಿ ಇನ್ನೊಮ್ಮೆ ನೋಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಸಿಹಿ ಅನ್ನಿಸಿದರೆ ಮಾತ್ರ ಬಿಡಿ, ಅಗ್ಗದ ಕೆಲವು ಪಿನೋಗಳಲ್ಲಿ ದೋಷ ಮುಚ್ಚಲು ಸಕ್ಕರೆ ಉಳಿಸಿರುತ್ತಾರೆ. ಎಂಟು ಹತ್ತು ಡಾಲರ್ ಹೆಚ್ಚು ಹಾಕುವ ಮನಸ್ಸಿದ್ದರೆ ‘ವಿಲಾಮೆಟ್ ವ್ಯಾಲಿ’ ಎಂದು ಬರೆದದ್ದನ್ನು ತನ್ನಿ. ಒರೆಗಾನ್ ನಿಯಮದಂತೆ 95% ದ್ರಾಕ್ಷಿ ಆ ಕಣಿವೆಯದ್ದೇ ಆಗಿರಬೇಕು. ಮಳೆ ಹೆಚ್ಚಾದ ವರ್ಷದ್ದಾದರೆ ಹುಳಿ ಇನ್ನೂ ಚುರುಕಾಗಿರುತ್ತದೆ, ಅದಕ್ಕೆ ಸಿದ್ಧರಾಗಿ. ಚಿಲಿ ದೇಶದ ಕಾಸಾಬ್ಲಾಂಕಾ, ಲೈಡಾ ಕಡೆಯ ಪಿನೋ ನನಗೆ ಈ ಬೆಲೆಯಲ್ಲಿ ಇಷ್ಟ. ಸಾಗರದ ತಂಗಾಳಿ ಅಲ್ಲಿ ಬಳ್ಳಿಯನ್ನು ಕಾಯುತ್ತದೆ. ಯಾವುದನ್ನೇ ತಂದರೂ ‘ಇಟ್ಟಷ್ಟೂ ಒಳ್ಳೆಯದು’ ಎಂದು ಅಟ್ಟದಲ್ಲಿ ಕೂಡಿಡಬೇಡಿ. ಈ ದರದ ಪಿನೋ ಎರಡು ಮೂರು ವರ್ಷದೊಳಗೆ ಕುಡಿಯುವುದಕ್ಕೆ ಮಾಡಿದ್ದು.

ಉಳಿದ ಅರ್ಧ ಬಾಟಲಿಯನ್ನು ತೆರೆದು ಎಷ್ಟು ದಿನವಾಯಿತೆಂದು ಬರೆದಿಲ್ಲ. ಮುಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದು, ಮೂರು ದಿನದೊಳಗಾದರೆ ಕುಡಿಯಬಹುದು. ತಳದಲ್ಲಿ ಕಲ್ಲುಸಕ್ಕರೆ ಪುಡಿಯಂಥ ಹರಳು ಕಂಡರೆ ಗಾಜು ಅಂದುಕೊಳ್ಳಬೇಡಿ, ಅದು ಆ ಟಾರ್ಟಾರಿಕ್ ಹುಳಿಯೇ ಗಟ್ಟಿಯಾದದ್ದು. ಮೂರು ದಿನ ದಾಟಿದ್ದರೆ ಪರಿಮಳ ಹೋಗಿರುತ್ತದೆ. ಆಗ ಅಣಬೆ ಬೇಯಿಸುವಾಗ ಒಂದು ಸೌಟು ಸುರಿಯಿರಿ. ಕುದಿಸಿದರೂ ಆಲ್ಕೊಹಾಲ್ ಪೂರ್ತಿ ಹೋಗುವುದಿಲ್ಲ, ಮನೆಯಲ್ಲಿ ಮಕ್ಕಳಿದ್ದರೆ ಅವರ ಪಲ್ಯ ಮೊದಲೇ ತೆಗೆದಿಟ್ಟುಬಿಡಿ. ಇನ್ನು ಮುಂದೆ ಬಾಟಲಿ ತೆರೆದ ಕೂಡಲೇ ಅರ್ಧವನ್ನು ಒಂದು ಸಣ್ಣ ಬಾಟಲಿಗೆ ಕಂಠದವರೆಗೆ ತುಂಬಿ ಬಿರಡೆ ಹಾಕಿಡಿ. ಗಾಳಿಗೆ ಜಾಗವಿಲ್ಲದಿದ್ದರೆ ವೈನ್ ಒಂದು ವಾರ ತಡೆಯುತ್ತದೆ. ನನ್ನ ಮನೆಯಲ್ಲಿ ಇದಕ್ಕೆಂದೇ 375 ಮಿ.ಲೀ.ನ ಹಳೆಯ ಬಾಟಲಿಗಳು ನಾಲ್ಕಿವೆ, ಚೆನ್ನಾಗಿ ತೊಳೆದು ಬೋರಲು ಹಾಕಿಟ್ಟದ್ದು.